ಭಟ್ಟಿ ಓಣಿಯ ಪಟಗಳು

೧೨ ಜನವರಿ ೧೯೫೮, ಭಾನುವಾರ. ಶಿಕಾರಿಪುರ

ಇವರಿಗೆ ಎಣ್ಣೆ ತಿಕ್ಕಿ ಸ್ನಾನ ಮಾಡಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಲಕ್ವ ಹೊಡೆದ ಬಲಗೈ, ಬಲಗಾಲು ಎರಡೂ ಕೊರಡಿನಂತೆ ಭಾರ. ಅತ್ತೆ ನೀರು ಹೊಯ್ಯುತ್ತಾರೆ, ನಾನು ಹಿಡಿದುಕೊಳ್ಳುತ್ತೇನೆ. ದೀಪಾವಳಿಗೆ ಮುಂಚೆ, ಸ್ಟುಡಿಯೋದಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದನ್ನು ನಿಲ್ಲಿಸಿ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದವರು ಹಾಗೇ ಕುಸಿದರು. ಆ ಜೋಡಿಯೇ ಎತ್ತಿಕೊಂಡು ಬಂದು ಮನೆಗೆ ಬಿಟ್ಟಿತು. ಅವತ್ತಿನಿಂದ ಸ್ಟುಡಿಯೋಗೆ ಬೀಗ. ಇವರ ಬಾಯಿಂದ ಒಂದು ಮಾತು ಹೊರಡಬೇಕಾದರೆ ಮುಖವೆಲ್ಲ ತಿರುಚಿಕೊಳ್ಳುತ್ತದೆ. ಅದಕ್ಕೇ ಮಾತೇ ಆಡುವುದಿಲ್ಲ. ಮನೆಯಲ್ಲಿ ಮಾತಿಲ್ಲದೆ ನನಗೂ ಉಸಿರು ಕಟ್ಟಿದಂತಾಗಿ ಇದನ್ನು ಬರೆಯಲು ಕೂತಿದ್ದೇನೆ.

ಸಂಜೆ ಸದಾಶಿವಪ್ಪನವರು ಬಂದಿದ್ದರು. ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ ಅವರದು. ವರ್ತಕರೆಲ್ಲ ಸೇರಿ ಊರಿನ ಸುಧಾರಣೆಗೆಂದು ಒಂದು ಸಮಿತಿ ಮಾಡಿಕೊಂಡಿದ್ದಾರಲ್ಲ, ಅದಕ್ಕೆ ಅವರೇ ಅಧ್ಯಕ್ಷರು.

"ಊರಾಗೆ ಪಾಳು ಬಿದ್ದ ಜಾಗ ಎಲ್ಲಾದ್ರದ್ದೂ ಪಟ ಬೇಕು ಕಣಮ್ಮ" ಎಂದರು. "ಮೇಲಕ್ಕೆ ಕಳಿಸಿದ್ರೆ ಚರಂಡಿ, ನಲ್ಲಿ, ಬೀದಿ ದೀಪ ಎಲ್ಲಾ ಬರ್ತವೆ. ಮಹೇಶ್ವರಪ್ಪ ಏಳೋ ತನಕ ಕಾಯಾಕಾಗಲ್ಲ. ಶಿವಮೊಗ್ಗದಿಂದ ಯಾರನ್ನಾದ್ರೂ ಕರೆಸ್ತೀವಿ. ಬೇಜಾರು ಮಾಡ್ಕಬಾರ್ದು, ಅದಕ್ಕೇ ಹೇಳಿ ಹೋಗಾಕೆ ಬಂದೆ."

ಹಾಸಿಗೆಯಿಂದ ಇವರು ಎಡಗೈ ಎತ್ತಿದರು. ನೀರು ಬೇಕೇನೋ ಎಂದು ನಾನು ಚೊಂಬು ಹಿಡಿದು ಹೋದೆ. ಇವರು ನನ್ನನ್ನೇ ತೋರಿಸಿ, ಬಹಳ ಹೊತ್ತು ತಿಣುಕಿ, "ಇವಳು" ಎಂದರು.

ಮನೆಯ ಕತ್ತಲೆ ಕೋಣೆಯಲ್ಲಿ ಗಾಜಿನ ಪ್ಲೇಟು ತೊಳೆಯುವುದು, ಪಟವನ್ನು ಕಾಗದಕ್ಕೆ ಇಳಿಸುವುದು ಮದುವೆಯಾದಾಗಿನಿಂದ ನನ್ನದೇ ಕೆಲಸ. ಕ್ಯಾಮೆರಾ ಮುಟ್ಟಿದ್ದು ಧೂಳು ಒರೆಸುವುದಕ್ಕೆ ಮಾತ್ರ. ಸದಾಶಿವಪ್ಪನವರು ನನ್ನನ್ನು, ಇವರನ್ನು ನೋಡಿ, "ಆಗ್ಲಿ, ನೋಡಾಣ" ಎಂದು ಎದ್ದರು.

೧೬ ಜನವರಿ, ಗುರುವಾರ

ಯಾರ ಕಣ್ಣಿಗೂ ಬೀಳಬಾರದೆಂದು ಬೆಳಕು ಹರಿಯುವ ಹೊತ್ತಿಗೇ ಹೋದೆ. ತಲೆಯ ಮೇಲೆ ಸೆರಗು, ಅದರ ಮೇಲೆ ಕ್ಯಾಮೆರಾದ ಕಪ್ಪು ಬಟ್ಟೆ. "ಎರಡೆರಡು ಮುಸುಕು ಹಾಕ್ಕಂಡು ಅದೇನು ಕಾಣುತ್ತೋ ನಿಂಗೆ" ಎಂದು ಹೊರಡುವಾಗಲೇ ಅತ್ತೆ ಗೊಣಗಿದರು. ಮೂರು ಕಾಲಿನ ಸ್ಟ್ಯಾಂಡು, ಮರದ ಪೆಟ್ಟಿಗೆ, ಪ್ಲೇಟುಗಳು. ಹೊತ್ತು ಹೊತ್ತು ಭುಜ ತರಚಿಹೋಗಿದೆ.

ಕೋಟೆಯ ಕುಸಿದ ಮಣ್ಣಿನ ಗೋಡೆಯ ಪಟ ತೆಗೆದೆ. ಪೇಟೆ ಹಿಂದಿನ ಕಟ್ಟಿಕೊಂಡ ಚರಂಡಿ ತೆಗೆದೆ. ಮೂಗಿಗೆ ಸೆರಗು ಹಿಡಿಯಲು ಕೈ ಬಿಡುವಿರಲಿಲ್ಲ. ಹಾಳು ಬಾವಿಯ ಮೆಟ್ಟಿಲು ತೆಗೆಯುವಾಗ ಅಲ್ಲಿ ಬಹಿರ್ದೆಸೆಗೆ ಬಂದಿದ್ದ ಗಂಡಸೊಬ್ಬ ನನ್ನನ್ನು ನೋಡಿ ಎದ್ದುಬಿದ್ದು ಓಡಿದ. ಮನೆಗೆ ಬಂದು ಅದನ್ನು ಹೇಳಿದರೆ ಇವರು ನಗಲಿಲ್ಲ. ಪಟ ಕೈಗೆ ಕೊಟ್ಟರೆ ಒಂದೊಂದಕ್ಕೂ ಒಂದೇ ಮಾತು: "ವಾಲಿದೆ."

ವಾಲಿರುವುದು ಗೋಡೆಯೇ ಎಂದು ಹೇಳಬೇಕೆನಿಸಿತು. ಪಟಗಳನ್ನು ಎತ್ತಿಟ್ಟೆ.

೨೩ ಜನವರಿ, ಗುರುವಾರ

ಇವತ್ತು ಭಟ್ಟಿ ಓಣಿ. ಇದೇ ಊರಿನಲ್ಲಿ ಇಷ್ಟು ವರ್ಷ ಬಾಳಿದರೂ ಒಳಗೆ ಕಾಲಿಟ್ಟಿರಲಿಲ್ಲ. ಸದಾಶಿವಪ್ಪನವರ ಅಂಗಡಿಯ ಬೆನ್ನಿಗೇ ಇದೆ. ಒಂದು ಸಾಲಿನ ಮನೆಗಳು ಸೂರು ಕುಸಿದು ಖಾಲಿ ಬಿದ್ದಿವೆ. ಎದುರು ಸಾಲಿನಲ್ಲಿ ಮಂಡಕ್ಕಿ ಹುರಿಯುವವರಿದ್ದಾರೆ. ಹೊಗೆಯಿಂದ ಗೋಡೆ, ಬಾಗಿಲು, ಹಂಚು ಎಲ್ಲವೂ ಮಸಿ ಬಣ್ಣ.

ನಿನ್ನೆಯೇ ಸದಾಶಿವಪ್ಪನವರು ಹೇಳಿ ಕಳಿಸಿದ್ದರು, ಪಟದಲ್ಲಿ ಜನ ಬರಬಾರದು, ಕಟ್ಟಡದ ಸ್ಥಿತಿ ಮಾತ್ರ ಕಾಣಬೇಕು ಎಂದು. ಕೋಳಿ ಕೂಗುವಾಗಲೇ ಭಟ್ಟಿ ಹಚ್ಚುವವರು, ಜನರಿಲ್ಲದ ಹೊತ್ತು ಎಲ್ಲಿಂದ ತರಲಿ ಎಂದು ಇವರನ್ನು ಕೇಳಿದ್ದೆ. ಇವರು ಬಿಡಿಬಿಡಿ ಮಾತಿನಲ್ಲಿ ಹೇಳಿಕೊಟ್ಟರು: ಬಿಸಿಲು ಬೀಳುವ ಮುಂಚೆ ಹೋಗು. ಲೆನ್ಸಿನ ಕಿಂಡಿ ಪೂರಾ ಚಿಕ್ಕದು ಮಾಡು. ಮುಚ್ಚಳ ತೆಗೆದು ನಿಧಾನವಾಗಿ ಎಣಿಸುತ್ತಾ ಹೋಗು. ನಿಂತ ಗೋಡೆ ಪಟದಲ್ಲಿ ಬೀಳುತ್ತದೆ, ಓಡಾಡುವವರು ಬೀಳುವುದಿಲ್ಲ.

ಸ್ಟ್ಯಾಂಡು ಹೂಡುವಾಗ ವಯಸ್ಸಾದ ಹೆಂಗಸೊಬ್ಬಳು ಸೊಂಟಕ್ಕೆ ಕೈ ಕೊಟ್ಟು ಎದುರಿಗೆ ನಿಂತಳು. ದ್ಯಾಮಮ್ಮ ಅಂತೆ. ಭಟ್ಟಿಯ ಯಜಮಾನಿ. ಹುಬ್ಬಿನ ಮೇಲೂ ಬೂದಿ.

"ಏನವ್ವಾ ಇದು, ನಮ್ಮ ಮಸಿ ಗೋಡೆ ತಗಂಡು ಏನ್ ಮಾಡ್ತೀಯ?"

"ಸರ್ಕಾರಕ್ಕೆ ಕಳಿಸ್ತಾರಂತೆ. ನಿಮ್ಮ ಓಣಿಗೆ ನಲ್ಲಿ ಬರುತ್ತೆ."

"ನಲ್ಲಿನಾ? ಹಂಗಾರೆ ಎಷ್ಟು ಬೇಕೋ ಅಷ್ಟು ತಗಳವ್ವ! ಕೆರೆಯಿಂದ ಹೊತ್ತೂ ಹೊತ್ತೂ ನಮ್ಮ ಲೋಕಿ ಕುತ್ತಿಗೆನೇ ಕುಸಿದೈತೆ."

ಲೋಕಮ್ಮ ಅವಳ ಸೊಸೆ. ಎಣಿಸುವಾಗ ಅವಳು ಕೊಡ ಹೊತ್ತು ಮುಂದೆಯೇ ಹಾದುಹೋದಳು. ದ್ಯಾಮಮ್ಮ ಮೊರ ಹಿಡಿದು ಆಚೆಯಿಂದೀಚೆ ಹೋದಳು, ಬಂದಳು. ನಾನು ಎಣಿಸುತ್ತಲೇ ಇದ್ದೆ. ಹೊರಡುವಾಗ ದ್ಯಾಮಮ್ಮ ಬೇಡಬೇಡವೆಂದರೂ ಬಿಸಿ ಮಂಡಕ್ಕಿಯನ್ನು ಸೆರಗಿಗೆ ಸುರಿದಳು.

೨೪ ಜನವರಿ, ಶುಕ್ರವಾರ

ಪ್ಲೇಟು ತೊಳೆದೆ. ಓಣಿ ತುದಿಯಿಂದ ತುದಿಗೆ ಬರಿದಾಗಿ ಬಂದಿದೆ. ಎರಡೂ ಸಾಲು ಒಂದೇ ಥರ ಕಾಣುತ್ತವೆ. ಒಂದು ನರಪಿಳ್ಳೆಯೂ ಇಲ್ಲ. ಗೋಡೆ ವಾಲಿಲ್ಲ.

ಇವರು ಬಹಳ ಹೊತ್ತು ನೋಡಿ "ಚೆನ್ನಾಗಿದೆ" ಎಂದರು. ಆ ಒಂದು ಮಾತಿಗೆ ದಣಿವೆಲ್ಲ ಇಳಿದಂತಾಗಿ ಮಧ್ಯಾಹ್ನ ಗೋಡೆಗೊರಗಿ ನಿದ್ದೆ ಹೋಗಿಬಿಟ್ಟೆ. ಅತ್ತೆಯೇ ಎಬ್ಬಿಸಿದರು. ಸಂಜೆ ಎಲ್ಲ ಪಟಗಳನ್ನೂ ಸದಾಶಿವಪ್ಪನವರ ಅಂಗಡಿಗೆ ತಲುಪಿಸಿದ್ದಾಯಿತು.

೩ ಫೆಬ್ರವರಿ, ಸೋಮವಾರ

ಬರೆಯುವಂಥದ್ದು ಏನೂ ಇಲ್ಲ. ಪ್ಲೇಟು ತೊಳೆಯುವ ಮದ್ದು ಹಿಡಿದ ಕೈಬೆರಳುಗಳ ಹಳದಿ ಬಣ್ಣ ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿಲ್ಲ. ಇವರು ಊಟ ಬೇಡವೆಂದು ತಟ್ಟೆ ತಳ್ಳಿದರು. ಎಲ್ಲ ಚೆಲ್ಲಿತು. ನೆಲ ಒರೆಸಿ ಮಲಗಿದೆ.

೧೦ ಫೆಬ್ರವರಿ, ಸೋಮವಾರ

ದ್ಯಾಮಮ್ಮ ಬೆಳಿಗ್ಗೆ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಜಗುಲಿಯ ಮೇಲೂ ಕೂರಲಿಲ್ಲ.

"ಮೋಜಣಿಯವ್ರು ಬಂದಿದ್ರು ಕಣವ್ವ. ಸರಪಳಿ ಹಿಡಿದು ಅಳೆದ್ರು. ಗೂಟ ಹೊಡೆದು ಹೋದ್ರು. ನಮ್ಮ ಒಲೆ ಪಕ್ಕದಾಗೇ ಒಂದು ಗೂಟ. ಯಾಕ್ರಪ್ಪಾ ಅಂದ್ರೆ, ಇದು ಜನ ಇಲ್ಲದ ಪಾಳು ಜಾಗ, ಯುಗಾದಿ ಕಳೆದ ಮೇಲೆ ಕೆಡವಿ ಅಂಗಡಿ ಸಾಲು ಕಟ್ತಾರೆ ಅಂದ್ರು. ಜನ ಇಲ್ಲ ಅಂದ್ರೆ ನಾವೇನು ದೆವ್ವಗಳೇನ್ರೋ ಅಂದೆ. ನಮಗೇನು ಗೊತ್ತಮ್ಮ, ಪಟ ನೋಡಿ ಬರೆದವ್ರೆ ಅಂದ್ರು. ಆ ಪಟ ತೋರಿಸವ್ವ ನಂಗೆ."

ನನ್ನ ಬಳಿ ಉಳಿದಿದ್ದ ಪ್ರತಿ ತಂದುಕೊಟ್ಟೆ. ಅವಳು ಹತ್ತಿರ ಹಿಡಿದಳು, ದೂರ ಹಿಡಿದಳು, ಬೆಳಕಿಗೆ ತಿರುಗಿಸಿದಳು.

"ಇದು ನಮ್ಮ ಓಣಿನೇ. ಇದು ನಮ್ಮ ಬಾಗಿಲು. ನಾ ಎಲ್ಲಿದೀನಿ?"

ನಾನು ಪಟಕ್ಕೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ಅವತ್ತು ನಿನ್ನ ಮುಂದೇನೇ ಓಡಾಡ್ತಿದ್ನಲ್ಲವ್ವ! ಲೋಕಿ ಕೊಡ ಹೊತ್ಕಂಡು ಹೋದ್ಲು, ನೀನೂ ನೋಡಿದೆ. ಎಲ್ಲಿ ಅವಳು?"

ಓಡಾಡುವವರು ಬೀಳುವುದಿಲ್ಲ ದ್ಯಾಮಮ್ಮ, ಮುಚ್ಚಳ ಬಹಳ ಹೊತ್ತು ತೆಗೆದಿಟ್ಟರೆ ಹಾಗಾಗುತ್ತದೆ ಎಂದು ತೊದಲಿದೆ. ಅವಳಿಗೆ ಅರ್ಥವಾಗಲಿಲ್ಲವೆಂದುಕೊಂಡಿದ್ದೆ. ಪಟವನ್ನು ಜಗುಲಿಯ ಮೇಲಿಟ್ಟು, "ಅಂದ್ರೆ ಕೂತ್ಕಂಡು ತಿನ್ನೋರು ಬೀಳ್ತಾರೆ, ದುಡಿಯೋರು ಬೀಳಲ್ಲ ಅನ್ನು" ಎಂದು ಹೊರಟುಹೋದಳು. ಬೈದಿದ್ದರೆ ವಾಸಿಯಿತ್ತು.

ಇವರನ್ನು ಕೇಳಿದೆ. "ಓಣಿ ಕೆಡವ್ತಾರೆ ಅಂತ ನಿಮಗೆ ಗೊತ್ತಿತ್ತೇನ್ರೀ?"

ಇವರು ಎಡಗೈಯಿಂದ ಹೊದಿಕೆ ಎಳೆದುಕೊಂಡರು.

"ನಲ್ಲಿ ಬರುತ್ತೆ ಅಂತ ಆ ಹೆಂಗಸಿಗೆ ನನ್ನ ಬಾಯಿಂದಲೇ ಹೇಳೋ ಹಾಗಾಯ್ತಲ್ಲ. ಗೊತ್ತಿತ್ತಾ ಇಲ್ವಾ ಅಷ್ಟು ಹೇಳಿ."

"ಕೇಳಿದ್ದು… ಕೊಡಬೇಕು" ಎಂದರು. "ಫೋಟೋದವರು… ಅಷ್ಟೇ."

ಗೊತ್ತಿತ್ತು. ಇವರ ಕಣ್ಣು ನೋಡಿದರೆ ತಿಳಿಯುತ್ತದೆ. ರಾತ್ರಿಯ ಊಟ ಅತ್ತೆಯೇ ಮಾಡಿಸಿದರು.

೧೨ ಫೆಬ್ರವರಿ, ಬುಧವಾರ

ಸದಾಶಿವಪ್ಪನವರ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಚಾಪೆಯ ತುದಿಯಲ್ಲಿ ಕೂತು ಕಾಯ್ದೆ.

ಅವರು ಕೆಟ್ಟ ಮಾತು ಆಡುವವರಲ್ಲ. "ಬಾರಮ್ಮ, ಪಟ ಭಾಳ ಚೆಂದ ಬಂದಾವೆ" ಎಂದರು. ಆ ಓಣಿಯಲ್ಲಿ ಜನ ಇದ್ದಾರಲ್ಲ ಎಂದೆ.

"ಅದಾರೆ, ಇಲ್ಲ ಅಂದೋರು ಯಾರು? ಅವ್ರಿಗೂ ಊರಾಚೆ ಜಾಗ ತೋರಿಸಾಣ. ಇಲ್ಲಿ ಹೊಗೆಗೆ ನನ್ನ ಬಿಳೀ ಪಂಚೆ ಗಂಟೆಲ್ಲ ಹೆಂಗಾಗ್ಯಾವೆ ನೋಡು. ಊರು ಬೆಳೀಬೇಕೋ ಬ್ಯಾಡ್ವೋ?"

"ಜನ ಇಲ್ಲ ಅಂತ ಬರೆದಿದ್ದೀರಂತೆ."

"ನಾವೆಲ್ಲಿ ಬರೆದ್ವಿ? ಪಟ ಇಟ್ಟು ಕಳಿಸಿದ್ವಿ. ಪಟ ನೀನೇ ತೆಗೆದಿದ್ದಲ್ಲೇನಮ್ಮ?"

ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎದ್ದು ಬಂದೆ. ದಾರಿಯುದ್ದಕ್ಕೂ ಏನೇನೋ ಉತ್ತರ ಹೊಳೆದವು.

೨೦ ಫೆಬ್ರವರಿ, ಗುರುವಾರ

ಶಿವರಾತ್ರಿ ಕಳೆಯಿತು. ಉಪವಾಸ, ಜಾಗರಣೆ, ಇವರ ಸೇವೆ ಎಲ್ಲ ಸೇರಿ ಮೈ ಹಿಂಡಿಹೋಗಿತ್ತು. ಆದರೂ ಇವತ್ತು ಕ್ಯಾಮೆರಾ ಹೊತ್ತು ಹೋದೆ. ಇವರಿಗೆ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಮಟಮಟ ಮಧ್ಯಾಹ್ನ. ನನ್ನನ್ನು ಕಂಡ ಕೂಡಲೇ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ದ್ಯಾಮಮ್ಮ ಒಬ್ಬಳೇ ಭಟ್ಟಿಯ ಮುಂದಿನಿಂದ ಏಳಲಿಲ್ಲ.

"ಇನ್ನೇನು ಉಳಿದೈತೆ ತಗಳಾಕೆ?"

"ನಿಮ್ಮನ್ನ ತೆಗೀಬೇಕು. ಎಲ್ಲಾರನ್ನೂ. ಅವರವರ ಬಾಗಿಲಲ್ಲಿ ಕೂತ್ಕೊಳ್ಳಿ, ನಾನು ಹೇಳೋವರೆಗೆ ಅಲ್ಲಾಡಬಾರದು. ಬಿದ್ದೇ ಬೀಳ್ತೀರಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಜಾಲರಿ ಕೆಳಗಿಟ್ಟು, ಗಂಟಲು ಹರಿಯುವಂತೆ ಓಣಿಯನ್ನೆಲ್ಲ ಕೂಗಿದಳು.

ಹೊರಗೆ ಬರಲು ಎಲ್ಲರೂ ಹೊತ್ತು ಮಾಡಿದರು. ಮುಖ ತೊಳೆದರು, ಪೆಟ್ಟಿಗೆಯಿಂದ ಸೀರೆ ತೆಗೆದರು. ಲೋಕಮ್ಮ ಹೂ ಮುಡಿದು ಬಂದಳು. ದ್ಯಾಮಮ್ಮ ಮಾತ್ರ ಸೀರೆ ಬದಲಿಸಲಿಲ್ಲ. "ಮಸಿ ಹಿಡಿದಿರೋಳು ಮಸೀಲೇ ಇರ್ತೀನಿ. ಇಲ್ದಿದ್ರೆ ಇದೂ ಸುಳ್ಳು ಪಟ ಅಂತಾರೆ." ತುದಿಯ ಮನೆಯ ಚೌಡಪ್ಪ ಎನ್ನುವ ಮುದುಕರಿಗೆ ಕಣ್ಣು ಕಾಣುವುದಿಲ್ಲ. ಯಾವ ಕಡೆ ನೋಡಲಿ ಎಂದು ಕೇಳಿದರು. "ನನ್ನ ದನಿ ಬರೋ ಕಡೆ ನೋಡ್ರಿ" ಎಂದೆ. ಅವರಿಗಾಗಿ ಎಣಿಕೆಯನ್ನು ಗಟ್ಟಿಯಾಗಿಯೇ ಎಣಿಸಿದೆ.

ಮೊದಲ ಪ್ಲೇಟು ಕೆಟ್ಟಿತು. ಪೇಟೆಯಿಂದ ಬಂದ ನಾಲ್ಕಾರು ಗಂಡಸರು ನಡುವೆ ನಿಂತು ನಗಾಡುತ್ತಿದ್ದರು. "ದಾರಿ ಬಿಡ್ರಿ! ನಿಮ್ಮ ಮನೆ ಹೆಂಗಸರಾಗಿದ್ರೆ ಹಿಂಗೆ ಅಡ್ಡ ನಿಲ್ತಿದ್ರಾ?" ಎಂದು ಕೂಗಿದೆ. ಸರಿದರು. ಎರಡನೆಯದು ಬಂದಿರಬೇಕು. ಎಣಿಸುವಷ್ಟು ಹೊತ್ತೂ ಓಣಿಯಲ್ಲಿ ಒಬ್ಬರೂ ಉಸಿರಾಡಿದಂತಿರಲಿಲ್ಲ. ಮುಚ್ಚಳ ಹಾಕಿದ ಕೂಡಲೇ ಎಲ್ಲರೂ ಒಟ್ಟಿಗೆ ಕೆಮ್ಮಿದರು.

ಮನೆಗೆ ಬಂದಾಗ ಅತ್ತೆ, "ಪೇಟೆ ಬೀದೀಲಿ ತಲೆ ಮೇಲೆ ಸೆರಗಿಲ್ದೆ ಬಂದ್ಯಲ್ಲೇ" ಎಂದರು. ಯಾವಾಗ ಜಾರಿತ್ತೋ. ಬಿಸಿಲಿಗೆ ತಲೆ ಸಿಡಿಯುತ್ತಿದೆ.

೨೧ ಫೆಬ್ರವರಿ, ಶುಕ್ರವಾರ

ಬಂದಿದೆ. ಒಂದು ಕೂಸು ಮಾತ್ರ ಅಲ್ಲಾಡಿ ಮುಖವಿಲ್ಲದಂತಾಗಿದೆ. ಉಳಿದವರೆಲ್ಲ ಇದ್ದಾರೆ.

ಇವರ ಎದೆಯ ಮೇಲೆ ಪಟವಿಟ್ಟೆ. ಎಡಗೈಯಿಂದ ಎತ್ತಿ ನೋಡಿದರು. ವಾಲಿದೆ ಎನ್ನಲಿಲ್ಲ. "ಯಾರು… ಹೇಳಿದ್ದು?" ಎಂದರು.

"ಯಾರೂ ಹೇಳಿಲ್ಲ."

ಗೋಡೆ ಕಡೆ ಮುಖ ತಿರುಗಿಸಿದರು. ನಾನು ಪಟ ಎತ್ತಿಕೊಂಡು ಒಲೆ ಹಚ್ಚಲು ಹೋದೆ.

೬ ಮಾರ್ಚಿ, ಗುರುವಾರ. ಸೊರಬ

ಅಣ್ಣನ ಮನೆಯಲ್ಲಿದ್ದೇನೆ. ಅಳತೆಯ ಕಾಗದಗಳಿಗೆ ಹುಕುಂ ಕೊಡುವ ಸಾಹೇಬರು ಸೊರಬದ ಪ್ರವಾಸಿ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದಾರೆಂದು ಮೋಜಣಿಯವನೇ ದ್ಯಾಮಮ್ಮನಿಗೆ ಹೇಳಿದ್ದನಂತೆ. ಅವಳೂ ನಾನೂ ಬೆಳಗಿನ ಬಸ್ಸಿಗೆ ಹೊರಟೆವು. ಶಿರಾಳಕೊಪ್ಪದಲ್ಲಿ ಬಸ್ಸು ಕೆಟ್ಟು ನಿಂತಿತು. ದ್ಯಾಮಮ್ಮ ಬಸ್ಸು ಹತ್ತಿದ್ದೇ ಇವತ್ತು ಮೊದಲು. ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿ ಬಿಡಲಿಲ್ಲ.

ನನ್ನಣ್ಣ ಆನಂದಪ್ಪ ಬಾಗಿಲಲ್ಲೇ ಶುರು ಮಾಡಿದ. "ಭಾವ ಮಲಗಿದ ಜಾಗದಲ್ಲೇ ಇದಾರೆ. ನೀನು ಸಾಹೇಬರ ಮುಂದೆ ಹೋಗಿ ನಿಲ್ಲೂದು ಅಂದ್ರೆ ಎಂತದು ಮಾರಾಯ್ತಿ? ಬೇಕಾದ್ರೆ ಪಟ ಕೊಡು, ನಾ ಕೊಟ್ಟು ಬರ್ತೆ."

"ನೀನು ತೆಗೆದಿದ್ದಲ್ಲ ಅಣ್ಣ. ಕೇಳಿದ್ರೆ ನೀನೇನು ಹೇಳ್ತೀಯ?" ಎಂದೆ. ಅವನು ಬಂಗಲೆಯ ಗೇಟಿನವರೆಗೆ ಬಂದು ಅಲ್ಲೇ ನಿಂತ.

ಸಾಹೇಬರಿಗೆ ನೆಗಡಿ. ಕೊರಳಿಗೆ ಮಫ್ಲರ್ ಸುತ್ತಿಕೊಂಡು ಕಷಾಯ ಕುಡಿಯುತ್ತಿದ್ದರು. ಎರಡೂ ಪಟಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ.

"ಇದು ಅದೇ ಓಣಿಯೇನು?"

"ಅದೇ ಸ್ವಾಮಿ" ಎಂದು ದ್ಯಾಮಮ್ಮ ಬಗ್ಗಿ ಬೆರಳಿಟ್ಟು ತೋರಿಸಿದಳು. "ಇದು ನಮ್ಮ ಬಾಗಿಲು, ಇದರಾಗೂ ಇದೇ ಬಾಗಿಲು. ಇದು ನಾನು."

"ಮೊದಲನೆಯದರಲ್ಲಿ ಜನ ಯಾಕಿಲ್ಲ?"

ಹೇಳಿದೆ. ಮುಚ್ಚಳ ತೆಗೆದದ್ದು, ಎಣಿಸಿದ್ದು, ಅವರು ಮುಂದೆಯೇ ಓಡಾಡಿದ್ದು. ಜನ ಬೀಳದ ಹಾಗೆ ಬೇಕೆಂದು ಕೇಳಿದ್ದರು, ನಾನು ಹಾಗೇ ತೆಗೆದುಕೊಟ್ಟೆ ಎಂದೆ.

"ಗೊತ್ತಿದ್ದೇ ತೆಗೆದಿರಾ?"

"ಓಣಿ ಹೋಗುತ್ತೆ ಅಂತ ಗೊತ್ತಿರಲಿಲ್ಲ. ಜನ ಬೀಳೋದಿಲ್ಲ ಅಂತ ಗೊತ್ತಿತ್ತು."

ಅವರು ಮೂಗು ಒರೆಸಿಕೊಂಡರು. "ಇವತ್ತು ಇದನ್ನು ನಂಬಿದರೆ ಅದನ್ನು ಬಿಡಬೇಕು. ಪಟ ನೋಡಿ ನಾನೇನೂ ಹೇಳುವುದಿಲ್ಲಮ್ಮ. ಬಂದು ನೋಡುತ್ತೇನೆ. ಮಾತು ಕೊಟ್ಟೆ ಅಂತ ಮಾತ್ರ ತಿಳಿಯಬೇಡಿ."

ಹೊರಗೆ ಬಂದು ದ್ಯಾಮಮ್ಮ ಮರದ ಬುಡದಲ್ಲಿ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಅಣ್ಣ ಇಬ್ಬರಿಗೂ ಬೆಲ್ಲದ ನೀರು ತಂದುಕೊಟ್ಟ. ಏನಾಯಿತೆಂದು ಕೇಳಲಿಲ್ಲ.

೧೮ ಮಾರ್ಚಿ, ಮಂಗಳವಾರ. ಶಿಕಾರಿಪುರ

ಸಾಹೇಬರು ಬಂದಿದ್ದರು. ಸದಾಶಿವಪ್ಪನವರೇ ಹಾರ ಹಾಕಿ ಓಣಿಗೆ ಕರೆದುಕೊಂಡು ಹೋದರಂತೆ. ನಾನು ಹೋಗಲಿಲ್ಲ, ಇವರಿಗೆ ಜ್ವರ. ಲೋಕಮ್ಮ ಓಡಿ ಬಂದು ಹೇಳಿದಳು. ಹೊಗೆಗೆ ಕೆಮ್ಮುತ್ತಲೇ ಎಲ್ಲ ಮನೆಯೊಳಗೂ ಇಣುಕಿದರಂತೆ, ಒಲೆಗಳನ್ನು ನೋಡಿದರಂತೆ. ಭಟ್ಟಿಯವರ ಸಾಲು ಮುಟ್ಟಬಾರದು, ಎದುರಿನ ಖಾಲಿ ಸಾಲು ಮಾತ್ರ ಕೆಡವಿ ಎಂದು ಅಲ್ಲೇ ನಿಂತು ಹುಕುಂ ಮಾಡಿದರಂತೆ. ಒಲೆ ಪಕ್ಕದ ಗೂಟವನ್ನು ದ್ಯಾಮಮ್ಮ ಕಿತ್ತು ಒಲೆಗೇ ಹಾಕಿದಳಂತೆ.

ನಲ್ಲಿಯ ಮಾತು ಬಿದ್ದುಹೋಯಿತು. ಸಮಿತಿ ಆ ಅರ್ಜಿಯನ್ನೇ ವಾಪಸು ತೆಗೆದುಕೊಂಡಿದೆ. "ಹೋಗ್ಲಿ ಬಿಡ್ರಿ ಅಕ್ಕಾ, ಹೊತ್ತು ಅಭ್ಯಾಸ ಐತೆ" ಎಂದು ಲೋಕಮ್ಮ ನಕ್ಕಳು. ಅವಳ ಕುತ್ತಿಗೆ ನೋಡಿ ನನಗೆ ನಗು ಬರಲಿಲ್ಲ.

೨೨ ಮಾರ್ಚಿ, ಶನಿವಾರ

ನಿನ್ನೆ ಯುಗಾದಿ. ಇವರ ಜ್ವರ ಬಿಟ್ಟಿತು, ಗೋಡೆ ಹಿಡಿದು ಎರಡು ಹೆಜ್ಜೆ ಇಡುತ್ತಾರೆ. ಸದಾಶಿವಪ್ಪನವರ ಮಗಳ ಮದುವೆಗೆ ಶಿವಮೊಗ್ಗದಿಂದ ಫೋಟೋದವರು ಬರುತ್ತಾರಂತೆ. ಪೇಟೆಯ ಉಳಿದವರೂ ಅವರ ಹಾದಿಯೇ. "ಪಟ ತೆಗೆಸ್ತಿದ್ದ ಮನೆಗಳನ್ನೂ ಕಳ್ಕಂಡೆ" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಅವರು ಹೇಳುವುದೂ ಸುಳ್ಳಲ್ಲ.

ಸ್ಟುಡಿಯೋದ ಬೀಗ ತೆಗೆದು ಕಸ ಗುಡಿಸಿ ಬಂದೆ. ಬಾಗಿಲಿಗೆ ಮಾವಿನೆಲೆ ಕಟ್ಟಿದೆ.

೨೮ ಮಾರ್ಚಿ, ಶುಕ್ರವಾರ

ಸೊರಬದ ಹತ್ತಿರದ ಹೊಸಬಾಳೆಯವರೊಬ್ಬರು ಅಣ್ಣನಿಂದ ಕೇಳಿ ತಿಳಿದು ಗಾಡಿ ಕಳಿಸಿದ್ದರು. ಮನೆಮಂದಿಯೆಲ್ಲ ಕೂತ ಪಟ ಬೇಕಂತೆ. ನಿನ್ನೆ ಹೋಗಿ ಇವತ್ತು ಇಳಿಹೊತ್ತಿಗೆ ಬಂದೆ. ಗಾಡಿಯ ಕುಲುಕಾಟಕ್ಕೆ ಮೈಯಲ್ಲಿ ಒಂದು ಎಲುಬೂ ಜಾಗದಲ್ಲಿಲ್ಲ.

ಹಾಸಿಗೆ ಖಾಲಿಯಿತ್ತು. ಅತ್ತೆ ಒಳಗಿನ ಕತ್ತಲೆ ಕೋಣೆಯ ಕಡೆ ಗದ್ದ ಚಾಚಿದರು. ಬಾಗಿಲು ಹಾಕಿತ್ತು. ತಳ್ಳಲು ಹೋದೆ.

"ತೆಗೀಬೇಡ!" ಒಳಗಿನಿಂದ ಇವರ ದನಿ. "ಬೆಳಕು… ಬೀಳುತ್ತೆ."

ನಿಂತೆ. ಒಳಗೆ ತಟ್ಟೆ ಜಾರಿದ ಸದ್ದು, ನೀರು ಚೆಲ್ಲಿದ ಸದ್ದು. ಎಷ್ಟೋ ಹೊತ್ತಿನ ಮೇಲೆ ಅಗುಳಿ ಸರಿಯಿತು. ಗೋಡೆಗೆ ಭುಜ ಕೊಟ್ಟು, ಕಾಲೆಳೆಯುತ್ತಾ ಬಂದರು. ಪಂಚೆಯೆಲ್ಲ ಒದ್ದೆ. ಎಡಗೈಯಲ್ಲಿ ತೊಟ್ಟಿಕ್ಕುವ ಒಂದು ಪಟ. ಭಟ್ಟಿ ಓಣಿಯವರು ಬಾಗಿಲುಗಳಲ್ಲಿ ಕೂತಿರುವುದು. ಮನೆಗೊಂದರಂತೆ ಬೇಕೆಂದು ದ್ಯಾಮಮ್ಮ ಮೊನ್ನೆ ಕೇಳಿ ಹೋಗಿದ್ದಳು. ನನಗೆ ಕೈ ಬಿಡುವಾಗಿರಲಿಲ್ಲ.

ಪಟವನ್ನು ನನ್ನ ಕಡೆ ಚಾಚಿದರು. "ಕಪ್ಪು… ಜಾಸ್ತಿ ಆಯ್ತಾ?"

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಮಗ್ಗುಲು ಪೂರಾ ಕಪ್ಪಿಟ್ಟು, ಚೌಡಪ್ಪನವರ ಮುಖ ಮುಳುಗಿಹೋಗಿತ್ತು. ಚೆನ್ನಾಗಿದೆ ಎನ್ನಬಹುದಿತ್ತು.

"ಜಾಸ್ತಿ ಆಗಿದೆ ರೀ. ಮದ್ದಿನಿಂದ ಇನ್ನೂ ಮುಂಚೆ ಎತ್ತಬೇಕಿತ್ತು."

"ಕೈ… ಒಂದೇ."

"ಗೊತ್ತು. ಇನ್ನೊಂದು ಮಾಡಿ. ತಟ್ಟೆ ಎಡಕ್ಕಿಟ್ಕೊಳ್ಳಿ. ನಾನು ಹೊರಗೇ ಇರ್ತೀನಿ."

ಇವರು ನನ್ನನ್ನು ನೋಡಿದರು. ತಲೆಯಾಡಿಸಿ ಒಳಗೆ ಹೋದರು. ಅಗುಳಿ ಬಿತ್ತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಒಲೆ ಹಚ್ಚಬೇಕಿತ್ತು, ಗಾಡಿಯಿಂದಿಳಿಸಿದ ಸಾಮಾನು ಜಗುಲಿಯ ಮೇಲೇ ಇತ್ತು. ಏಳಲಿಲ್ಲ. ಒಳಗೆ ಇವರು ತೊದಲುತ್ತಾ, ನಿಧಾನವಾಗಿ, ಗಟ್ಟಿಯಾಗಿ ಎಣಿಸುತ್ತಿದ್ದರು.